ಒಂದೇ ಎಲೆಯ ಬಿಳಿನೊಣಕ್ಕೆ ಎರಡು ಹೆಸರೇಕೆ?

ಪ್ರಶ್ನೆ: ಟೊಮೆಟೊ ತೋಟದ ಬಿಳಿನೊಣ ಪರೀಕ್ಷೆಗೆ ಕೊಟ್ಟಿದ್ದೆ. ವರದಿಯಲ್ಲಿ ‘ಏಷ್ಯಾ-1’, ‘ಎಂಇಎಎಂ-1’ ಎಂದು ಎರಡು ಹೆಸರಿವೆ. ಲೆನ್ಸ್ ಹಿಡಿದು ನೋಡಿದರೂ ಎಲ್ಲ ಒಂದೇ ಥರ. ಯಾವುದು ಸರಿ?
– ಓದುಗರು, ಕೋಲಾರ

ಉತ್ತರ: ಎರಡೂ ಸರಿ. ನಿಮ್ಮ ತೋಟದಲ್ಲಿ ಎರಡು ಬಗೆ ಬೆರೆತಿವೆ. ಲೆನ್ಸಿನಲ್ಲಿರಲಿ, ಮೈಕ್ರೋಸ್ಕೋಪಿನಲ್ಲೂ ಇವನ್ನು ಬೇರ್ಪಡಿಸಲಾಗದು. ಬಿಳಿನೊಣವನ್ನು ಗುರುತಿಸುವುದು ಎಲೆಯಡಿ ಅಂಟಿಕೊಂಡ ಕೊನೆಯ ಹಂತದ ಮರಿಯ ಚಿಪ್ಪಿನಿಂದ. ಆ ಚಿಪ್ಪು ನುಣುಪು ಎಲೆಯ ಮೇಲೆ ಒಂದು ರೂಪ, ರೋಮದ ಎಲೆಯ ಮೇಲೆ ಇನ್ನೊಂದು ರೂಪ ತಾಳುತ್ತದೆ. ಹೀಗಾಗಿ ಹಿಂದೆ ಒಂದಕ್ಕೇ ಹಲವು ಹೆಸರು ಬಿದ್ದಿದ್ದವು. 1957ರಲ್ಲಿ ಅವನ್ನೆಲ್ಲ ‘ಬೆಮಿಸಿಯಾ ಟಬಾಸಿ’ಗೆ ಸೇರಿಸಲಾಯಿತು. ಡಿಎನ್‌ಎ ಓದಲು ಶುರುವಾದ ಮೇಲೆ ಆ ಒಂದೇ ಹೆಸರಿನೊಳಗೆ ಕನಿಷ್ಠ 24 ಪ್ರಭೇದಗಳು ಕಂಡವು. ಎಂಇಎಎಂ-1 (ಮಿಡ್ಲ್ ಈಸ್ಟ್–ಏಷ್ಯಾ ಮೈನರ್ 1) ಹೊರಗಿನಿಂದ ಬಂದದ್ದು. ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ನಿಮ್ಮ ಕೋಲಾರದಲ್ಲೇ, 1999ರಲ್ಲಿ. ಅದರ ಮರಿಗಳು ರಸ ಹೀರಿದರೆ ಕುಂಬಳ ಜಾತಿಯ ಎಲೆ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಎಲೆ ಮುಟುರು ನಂಜನ್ನು ಎರಡೂ ಹರಡುತ್ತವೆ, ಆದರೆ ಕೀಟನಾಶಕ ತಡೆದುಕೊಳ್ಳುವ ಶಕ್ತಿ ಒಂದೇ ಅಲ್ಲ. ವರದಿಯನ್ನು ಜೋಪಾನವಾಗಿಡಿ.

ಪ್ರಶ್ನೆ: ಬಿಳಿನೊಣದ ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲು ಮಾಡುವ ಪಿಸಿಆರ್‌ನಲ್ಲಿ ಕೆಲವು ಸಲ ನಕಲಾದದ್ದನ್ನು ತೋರಿಸುವ ಪಟ್ಟಿ (ಬ್ಯಾಂಡ್) ಬರುವುದೇ ಇಲ್ಲ. ಬಂದರೂ ಅದರ ಅಕ್ಷರ ಓದಿದ ಸೀಕ್ವೆನ್ಸ್‌ನಲ್ಲಿ ಒಂದೇ ಅಕ್ಷರದ ಜಾಗದಲ್ಲಿ ಒಂದರ ಮೇಲೊಂದು ಶಿಖರ. ಎಲ್ಲಿ ತಪ್ಪುತ್ತಿದೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬಹಳ ಸಲ ತಪ್ಪು ಹೊಲದಲ್ಲೇ ಆಗಿರುತ್ತದೆ. ಹುಳ ನೇರವಾಗಿ ಶೇ 95ಕ್ಕಿಂತ ಹೆಚ್ಚಿನ ಎಥನಾಲ್‌ಗೆ ಬೀಳಬೇಕು. ಫಾರ್ಮಲಿನ್ ಸೋಕಲೇಬಾರದು. ಎಲೆಚೂರು ಜೊತೆಗಿದ್ದರೆ ಅದರ ನೀರಿಗೆ ಎಥನಾಲ್ ತೆಳುವಾಗುತ್ತದೆ, ಮರುದಿನ ಬದಲಿಸಿ, ಮೈನಸ್ 20 ಡಿಗ್ರಿಯಲ್ಲಿಡಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯೊಳಗೇ ಹಾಕಿ. ಬಾಲ್‌ಪೆನ್ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ.

ಸುಮಾರು ಒಂದು ಮಿಲಿಮೀಟರ್‌ನ ಹುಳವಲ್ಲವೇ, ಡಿಎನ್‌ಎ ಸಾಲದೆಂದು ಹತ್ತಾರನ್ನು ಒಟ್ಟಿಗೆ ಅರೆಯುವವರಿದ್ದಾರೆ. ಜೋಡಿ ಶಿಖರಕ್ಕೆ ಮೊದಲ ಕಾರಣವೇ ಅದು. ಒಂದು ಟ್ಯೂಬಿಗೆ ಒಂದೇ ಹುಳ, ಅದೂ ರೆಕ್ಕೆ ಬಂದದ್ದು. ಮರಿಯೊಳಗೆ ಎನ್‌ಕಾರ್ಸಿಯಾ ಅಥವಾ ಎರೆಟ್‌ಮೊಸೆರಸ್ ಕಣಜದ ಮರಿ ಇರಬಹುದು; ಎಲ್ಲ ಕೀಟಕ್ಕೂ ಹಿಡಿಯುವ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ಚೂರು) ಹಾಕಿದರೆ ಓದಿಬರುವುದು ಕಣಜದ ಡಿಎನ್‌ಎ.

ಪ್ರೊಟೀನ್ ಕರಗಿಸುವ ಕಿಣ್ವ ಪ್ರೊಟೀನೇಸ್-ಕೆ ಇರುವ 20–25 ಮೈಕ್ರೋಲೀಟರ್ ದ್ರಾವಣದಲ್ಲಿ ಅರೆದು, 65 ಡಿಗ್ರಿಯಲ್ಲಿ ಒಂದು ಗಂಟೆ, ಆಮೇಲೆ 95 ಡಿಗ್ರಿಯಲ್ಲಿ 10 ನಿಮಿಷ ಇಡಿ. ಈ ಕೊನೆಯ ಕಾವು ಕೊಡದಿದ್ದರೆ ಉಳಿದ ಕಿಣ್ವವು ಡಿಎನ್‌ಎ ನಕಲು ಮಾಡುವ ಪಾಲಿಮರೇಸನ್ನೇ ತಿಂದುಹಾಕುತ್ತದೆ, ಬ್ಯಾಂಡ್ ಬರದು. ಆದರೂ ಬರದಿದ್ದರೆ ಆ ದ್ರಾವಣವನ್ನು ಹತ್ತು ಪಟ್ಟು ತೆಳುಮಾಡಿ ನೋಡಿ. ಡಿಎನ್‌ಎ ಇಲ್ಲದ ಒಂದು ಖಾಲಿ ಟ್ಯೂಬ್ ಪ್ರತಿ ಸಲವೂ ಇರಲಿ.

ಇನ್ನೊಂದು ಎಡವಟ್ಟು ಪ್ರೈಮರ್‌ನದು. ಸಾಮಾನ್ಯ ಬಾರ್‌ಕೋಡ್ (ಪ್ರಭೇದ ಗುರುತಿಸಲು ಓದುವ ತುಣುಕು) ಎಂದರೆ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಸಿಒಐ ಜೀನಿನ ಆರಂಭದ ಭಾಗ. ಬಿಳಿನೊಣದ ಹೋಲಿಕೆಗಳು ಬಹುಪಾಲು ಅದರ ಕೊನೆಯ ಕಡೆಯ 657 ಡಿಎನ್‌ಎ ಅಕ್ಷರಗಳ ಮೇಲೆ ನಿಂತಿವೆ. ಅದಕ್ಕೆ ಸಿ1-ಜೆ-2195, ಎಲ್2-ಎನ್-3014 ಪ್ರೈಮರ್ ಬೇಕು.

ಪ್ರಶ್ನೆ: ಈ 657 ಅಕ್ಷರಗಳಲ್ಲಿ ಶೇ 3.5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹೊಸ ಪ್ರಭೇದ ಎನ್ನಬಹುದೇ?
– ಅದೇ ವಿದ್ಯಾರ್ಥಿನಿ

ಉತ್ತರ: ಇಲ್ಲ. 657ರಲ್ಲಿ ಸುಮಾರು 23 ಅಕ್ಷರ ಬೇರೆಯಿದೆ ಎಂದಷ್ಟೇ ಅದರ ಅರ್ಥ. ‘ಎಂಇಎಎಂ-2’ ಎಂಬ ಪ್ರಭೇದ ಹೀಗೇ ಪಟ್ಟಿ ಸೇರಿತ್ತು. ಕೋಶಕೇಂದ್ರಕ್ಕೆ ಹೋಗಿ ಕುಳಿತ ಮೈಟೊಕಾಂಡ್ರಿಯಾ ಜೀನಿನ ನಿರುಪಯೋಗಿ ನಕಲನ್ನು ಓದಿ ಹೊಸದೆಂದುಕೊಂಡಿದ್ದರು ಎಂದು 2017ರಲ್ಲಿ ಗೊತ್ತಾಯಿತು. ಆದ್ದರಿಂದ ಎರಡೂ ದಿಕ್ಕಿನಿಂದ ಓದಿಸಿ, ಅಕಶೇರುಕಗಳ ಮೈಟೊಕಾಂಡ್ರಿಯಾ ಸಂಕೇತದಂತೆ ಅಮೈನೊ ಆಮ್ಲಕ್ಕೆ ಬದಲಿಸಿ. ನಡುವೆ ಪ್ರೊಟೀನನ್ನು ಅಲ್ಲಿಗೇ ನಿಲ್ಲಿಸುವ ಸ್ಟಾಪ್ ಕೋಡಾನ್ ಬಂದರೆ, ಇಲ್ಲವೇ ಒಂದೆರಡು ಅಕ್ಷರ ಹೆಚ್ಚು–ಕಡಿಮೆಯಾಗಿದ್ದರೆ ಆ ಸೀಕ್ವೆನ್ಸನ್ನು ಬಿಟ್ಟುಬಿಡಿ.

ಪಾಸಾದದ್ದಕ್ಕೆ ಕೋಶಕೇಂದ್ರದ ಜೀನನ್ನೂ ಓದಿಸಿ. ಕೊನೆಗೆ ಕೂಡಿಸುವ ಪರೀಕ್ಷೆ. ಚಿಪ್ಪಿನ ಹಂತದಲ್ಲೇ ಒಂದೊಂದನ್ನು ಬೇರೆ ಗಾಜಿನ ನಳಿಕೆಗೆ ಹಾಕಿ, ಹೊರಬಂದ ಹೆಣ್ಣಿಗೆ ಇನ್ನೊಂದು ಬಗೆಯ ಗಂಡನ್ನು ಬಿಡಿ. ಬಿಳಿನೊಣದಲ್ಲಿ ಫಲಿತವಾಗದ ಮೊಟ್ಟೆ ಗಂಡಾಗುತ್ತದೆ. ಸಂತಾನವೆಲ್ಲ ಗಂಡೇ ಆಗಿ, ಒಂದೇ ಬಗೆಯ ಗಂಡು–ಹೆಣ್ಣಿನ ಜೋಡಿಗಳಲ್ಲಿ ಹೆಣ್ಣೂ ಹುಟ್ಟಿದ್ದರೆ ಎರಡೂ ಬೇರೆ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ಆದರೆ ಹುಳದೊಳಗೇ ವಾಸಿಸುವ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಒಂದು ಬಗೆಯಲ್ಲಿ ಮಾತ್ರ ಇದ್ದರೂ ಗಂಡುಸಂತಾನವಷ್ಟೇ ಬರಬಹುದು. ಜೋಡಿ ಹಾಕುವ ಮುಂಚೆಯೇ ಎರಡೂ ಕಡೆಯ ಹುಳಗಳಲ್ಲಿ ಅದನ್ನು ಪರೀಕ್ಷಿಸಿಕೊಳ್ಳಿ.