ಮಾತ್ರೆ ಇದ್ದ ಮೇಲೆ ಮಾತು ಯಾಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಬೈಪೋಲಾರ್ (ಮನಸ್ಸು ಕೆಲವು ದಿನ ಅತಿಯಾಗಿ ಏರುವ, ಕೆಲವು ದಿನ ಮಂಕಾಗುವ ಕಾಯಿಲೆ) ಇದೆ ಅಂತ ಗೊತ್ತಾಗಿ 3 ವರ್ಷ ಆಯ್ತು, ಅದಕ್ಕೆ ಲಿಥಿಯಂ ಮಾತ್ರೆ ತಗೊಳ್ತಾರೆ. ಈ ಸಲ ಶಿವರಾತ್ರಿ ಕಳೆದ ವಾರದಲ್ಲೇ ಮತ್ತೆ ಶುರುವಾಯ್ತು. ರಾತ್ರಿ ಎರಡು ಗಂಟೆಗೆ ಹಳೇ ಗೆಳೆಯರಿಗೆಲ್ಲ ಫೋನು, ಸಾಲ ಮಾಡಿ ಎರಡನೇ ಬೈಕು. ಡಾಕ್ಟರು ಥೆರಪಿಗೂ ಹೋಗಿ ಅಂತಾರೆ. ಅತ್ತೆ, 'ಕೂತು ಮಾತಾಡಿದ್ರೆ ಕಾಯಿಲೆ ಹೋಗುತ್ತಾ? ದುಡ್ಡು ದಂಡ' ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಅತ್ತೆ ಹೇಳುವುದು ಅರ್ಧ ನಿಜ. ಬರೀ ಮಾತಿನಿಂದ ಈ ಕಾಯಿಲೆ ಹೋಗುವುದಿಲ್ಲ. ಥೆರಪಿ ಶುರುವಾಯ್ತು ಅಂತ ಲಿಥಿಯಂ ಬಿಡುವ ಹಾಗೂ ಇಲ್ಲ, ಲಿಥಿಯಂ ಮಟ್ಟ ನೋಡುವ ರಕ್ತ ಪರೀಕ್ಷೆ ತಪ್ಪಿಸುವ ಹಾಗೂ ಇಲ್ಲ.

ಆದರೆ ಶಿವರಾತ್ರಿ ಅಂದಿರಲ್ಲ, ಜಾಗರಣೆ ಮಾಡಿದ್ರಾ? ಬೈಪೋಲಾರ್ ಇರುವವರಿಗೆ ಒಂದು ರಾತ್ರಿ ನಿದ್ದೆ ಕೆಟ್ಟರೂ ಸಾಕು, ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಏರುವ ಹಂತ, ಶುರುವಾಗಬಹುದು. (ನೀರೂ ಕುಡಿಯದ ಉಪವಾಸ ಇನ್ನೂ ಅಪಾಯ, ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ.) ಥೆರಪಿಯಲ್ಲಿ ಹಿಡಿಯುವುದು ಇಂಥದ್ದನ್ನೇ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರ್ಯಾಂಕ್ ಮತ್ತು ಅವರ ಸಂಗಡಿಗರು ರೂಪಿಸಿದ ಒಂದು ವಿಧಾನದಲ್ಲಿ ದಿನಾ ಐದು ಹೊತ್ತು ಬರೆದಿಡಬೇಕು: ಹಾಸಿಗೆ ಬಿಟ್ಟಿದ್ದು, ಮೊದಲು ಇನ್ನೊಬ್ಬರ ಜೊತೆ ಮಾತಾಡಿದ್ದು, ಕೆಲಸ ಶುರು ಮಾಡಿದ್ದು, ರಾತ್ರಿ ಊಟ ಮಾಡಿದ್ದು, ಮಲಗಿದ್ದು. ಸುಮ್ನೆ ಒಂದು ನೋಟ್‌ಬುಕ್ ಸಾಕು. ಹನ್ನೊಂದಕ್ಕೆ ಮಲಗುವವರು ಎರಡು ದಿನ ಒಂದೂವರೆಗೆ ಮಲಗಿದ್ದರೆ ಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ, ಬೈಕಿನ ಶೋರೂಮಿಗೆ ಹೋಗುವ ಮುಂಚೆಯೇ ಡಾಕ್ಟರಿಗೆ ಫೋನ್ ಮಾಡಬಹುದು.

ಅವರು ಸರಿಯಾಗಿರುವಾಗಲೇ ಥೆರಪಿಸ್ಟ್ ಎದುರು ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಸತತ ಎರಡು ರಾತ್ರಿ ನಿದ್ದೆ ಕಮ್ಮಿಯಾದರೆ ಎಟಿಎಂ ಕಾರ್ಡು ನಿಮ್ಮ ಕೈಗೆ ಬರಬೇಕು. ಮೇನಿಯಾ ಏರಿದ ಮೇಲೆ ಕೇಳಿದರೆ ಕೊಡುತ್ತಾರಾ? ಜಗಳ ಅಷ್ಟೇ.

ಮನೆಯವರಿಗೂ ಥೆರಪಿಯಲ್ಲಿ ಪಾಠ ಇದೆ, ನಿಮಗೂ. ಅವರು ಸ್ವಲ್ಪ ಜೋರಾಗಿ ನಕ್ಕರೂ 'ಮಾತ್ರೆ ತಗೊಂಡ್ರಾ?' ಅಂತ ಕೇಳುತ್ತೀರಿ, ಅಲ್ವಾ? ಖುಷಿಗೂ ಕಾಯಿಲೆಗೂ ವ್ಯತ್ಯಾಸ ಗುರುತಿಸುವುದನ್ನು ಎಲ್ಲರೂ ಕಲಿಯಬೇಕು. ಮಂಕು ಕವಿದ ದಿನಗಳು ಬೇರೆ. ಆಗ 'ಎದ್ದು ಓಡಾಡಿ, ಎಲ್ಲ ಸರಿಹೋಗುತ್ತೆ' ಅಂದರೆ ಕೆಲಸಕ್ಕೆ ಬರುವುದಿಲ್ಲ. ಸಾಯುವ ಮಾತು ಬಂದರೆ ಮಾತ್ರ ಥೆರಪಿಯ ದಿನಕ್ಕೆ ಕಾಯಬೇಡಿ, ಅವರನ್ನು ಒಬ್ಬರನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ದುಡ್ಡಿನ ಚಿಂತೆಯಿದ್ದರೆ ಮೊದಲು ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಹೋಗುವಾಗ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಮುಂದಿನ ಜಾಗರಣೆ ಬೇಡ ಅಂತ ಡಾಕ್ಟರೇ ಅವರಿಗೆ ಹೇಳಲಿ.