ಒಂದೇ ಹೊಲ, ಎರಡು ಬಗೆಯ ಇಳುವರಿ

ಪ್ರಶ್ನೆ: ರೋಣ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಇಳಿಜಾರಿನ ಹೊಲ. ಹಿಂಗಾರಿಯಲ್ಲಿ ಒಂದೇ ದಿನ ಒಂದೇ ತಳಿಯ ಕಡಲೆ ಬಿತ್ತಿ, ಸಮನಾಗಿ ಗೊಬ್ಬರ ಕೊಟ್ಟರೂ ಮೇಲಿನ ಭಾಗದ ಬೆಳೆ ಹೂ ಬಿಡುವ ಹೊತ್ತಿಗೇ ಬಾಡುತ್ತದೆ. ಕೆಳಗಿನದು ಚೆನ್ನಾಗಿ ಕಾಯಿ ಕಟ್ಟುತ್ತದೆ. ಮೇಲಿನ ಭಾಗಕ್ಕೆ ಗೊಬ್ಬರ ಹೆಚ್ಚಿಸಬೇಕೇ?

ಉತ್ತರ: ಗೊಬ್ಬರದ ಲೆಕ್ಕಕ್ಕೆ ಮೊದಲು ಎರಡೂ ಕಡೆಯ ಹಸಿ ಮಣ್ಣನ್ನು ಬೆರಳುಗಳ ನಡುವೆ ತೀಡಿ ನೋಡಿರಿ. ಕೆಳಗಿನ ಎರಿಮಣ್ಣು, ಅಂದರೆ ಜೇಡಿ ಹೆಚ್ಚಿರುವ ಕಪ್ಪು ಮಣ್ಣು, ಅಂಟಿಕೊಂಡು ಉದ್ದನೆಯ ಪಟ್ಟಿಯಾಗಿ ಬರುತ್ತದೆ. ಮೇಲಿನದು ಗರಗರ ಎನ್ನುತ್ತ ಬೇಗ ಮುರಿದುಬಿದ್ದರೆ ಅಲ್ಲಿ ಮರಳಿನ ಪಾಲು ಹೆಚ್ಚೆಂದು ತಿಳಿಯಬೇಕು. 0.002 ಮಿಲಿಮೀಟರಿಗಿಂತ ಸಣ್ಣ ಕಣ ಜೇಡಿ, 0.05 ಮಿಲಿಮೀಟರಿಗಿಂತ ದಪ್ಪನೆಯದು ಮರಳು, ನಡುವಿನದು ರೇವೆ. ಮಳೆನೀರು ತಲೆಮಾರುಗಳಿಂದ ಸಣ್ಣ ಕಣಗಳನ್ನು ಕೊಚ್ಚಿ ತಗ್ಗಿಗೆ ಒಯ್ಯುವುದರಿಂದ ಇಂಥ ಹೊಲಗಳ ಮೇಲ್ಭಾಗದಲ್ಲಿ ಮಣ್ಣಿನ ಆಳವೂ ಕುಗ್ಗಿ, ಗರಸು, ಅಂದರೆ ಕೆಳಗಿನ ಕಲ್ಲುಮಿಶ್ರಿತ ಗಟ್ಟಿ ಪದರ, ಬೇಗ ಸಿಗುವುದುಂಟು.

ಹಿಂಗಾರಿ ಕಡಲೆ ಬದುಕುವುದು ಮುಖ್ಯವಾಗಿ ಮಣ್ಣು ಕೂಡಿಟ್ಟ ತೇವದ ಮೇಲೆ. ಒಂದು ಮೀಟರ್ ಆಳದ ಮರಳುಮಣ್ಣು ಬೆಳೆಗೆ ದಕ್ಕುವ ನೀರನ್ನು ಸುಮಾರು 6ರಿಂದ 8 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುವಷ್ಟು ಹಿಡಿದರೆ, ಅಷ್ಟೇ ಆಳದ ಎರಿ ಅದರ ಎರಡು ಪಟ್ಟು ಹಿಡಿಯಬಲ್ಲದು. ತೇವ ಆರಿದ ನೆಲದಲ್ಲಿ ಬೇರು ಗೊಬ್ಬರವನ್ನು ಹೀರಲಾರದು; ಆದ್ದರಿಂದ ನೀವು ಕೇಳಿದ ಹೆಚ್ಚುವರಿ ಗೊಬ್ಬರ ಬರೀ ಖರ್ಚಾದೀತು.

ಹಾಗೆಂದು ಎರಿಯ ಭಾಗವೇ ಎಂದೆಂದೂ ಹೆಚ್ಚು ಕೊಡುತ್ತದೆಂದು ತೀರ್ಮಾನಿಸಬೇಡಿರಿ. ಬಿತ್ತಿದ ಮೇಲೂ ಮಳೆ ಹಿಡಿದ ವರ್ಷ ತಗ್ಗಿನಲ್ಲಿ ನೀರು ನಿಂತು, ಬೇರಿಗೆ ಗಾಳಿಯಾಡದೆ ಕಡಲೆ ಹಳದಿಗಟ್ಟುತ್ತದೆ. ಆ ವರ್ಷ ಮೇಲಿನ ಹಗುರ ಮಣ್ಣೇ ಮೇಲಾಗಬಹುದು. ಮಣ್ಣಿನ ಕಣರಚನೆಗೂ (ಜೇಡಿ, ರೇವೆ, ಮರಳುಗಳ ಪಾಲಿಗೂ) ಇಳುವರಿಗೂ ಇರುವ ನಂಟನ್ನು ಆಯಾ ವರ್ಷದ ಮಳೆಯೇ ತಿರುಗಿಸುವುದರಿಂದ, ಮೇಲಿನ, ನಡುವಿನ, ಕೆಳಗಿನ ರಾಶಿಗಳನ್ನು ಬೇರೆಬೇರೆಯಾಗಿ ತೂಗಿ, ಮಳೆಯ ಲೆಕ್ಕದೊಡನೆ ಮೂರು ನಾಲ್ಕು ವರ್ಷ ಬರೆದಿಡಬೇಕೆಂಬುದು ನನ್ನ ಒತ್ತಾಯದ ಮನವಿ.

ಪರೀಕ್ಷೆಗೆ ಮಣ್ಣು ಕೊಡುವಾಗಲೂ ಎರಡು ಭಾಗದ ಮಾದರಿಗಳನ್ನು ಬೆರೆಸಬಾರದು. ಬೆರೆಸಿದರೆ ಸಿಗುವ ಸರಾಸರಿ ನಿಮ್ಮ ಹೊಲದ ಯಾವ ಮೂಲೆಗೂ ಹೊಂದುವುದಿಲ್ಲ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಕಣರಚನೆ ಸೇರಿಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು.

ಸದ್ಯಕ್ಕೆ ಮೇಲಿನ ಭಾಗಕ್ಕೆ ಕೊಟ್ಟಿಗೆ ಗೊಬ್ಬರವನ್ನೂ, ಸಿಕ್ಕರೆ ಕೆರೆಯ ಹೂಳನ್ನೂ ಹೇರಿರಿ. ಹೂಳು ಜೇಡಿಯ ಪಾಲನ್ನು ನಿಜವಾಗಿಯೂ ಹೆಚ್ಚಿಸುತ್ತದೆ. ಒಡ್ಡುಗಳನ್ನು ಸರಿಪಡಿಸಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿರಿ. ಕೆಳಗಿನ ಭಾಗದಲ್ಲಿ ನಿಂತ ನೀರು ಹರಿದುಹೋಗಲು ದಾರಿ ಬಿಡಿರಿ.