ಸೇವಾ ಕೇಂದ್ರದ ಹಳೆಯ ಕಂಪ್ಯೂಟರ್‌ಗಳಲ್ಲಿ ಬ್ರೌಸರ್‌ನ ಹೊಸ ಆವೃತ್ತಿ ಹಾಕಿಕೊಳ್ಳಬೇಕೆ, ಬೇಡವೆ?

ಹೊಸನಗರದ ಹತ್ತಿರ ಸೇವಾ ಕೇಂದ್ರ ನಡೆಸುತ್ತಿರುವ ತಾವು ಕೇಳಿರುವುದು ಇಷ್ಟು: ಕೇಂದ್ರದ ಒಂದು ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಮತ್ತು ಕ್ರೋಮ್ 109 ಇವೆ, ಇನ್ನೊಂದರಲ್ಲಿ ವಿಂಡೋಸ್ 10 ಇದ್ದು, ಕ್ರೋಮ್‌ನ ಮೇಲ್ಮೂಲೆಯಲ್ಲಿ ಅಪ್‌ಡೇಟ್ ಮಾಡಿರೆಂಬ ಕೆಂಪು ಗುರುತು ಬಹಳ ದಿನಗಳಿಂದ ಹಾಗೆಯೇ ನಿಂತಿದೆ, ಪಕ್ಕದ ಊರಿನ ಕೇಂದ್ರವೊಂದರಲ್ಲಿ ಅಪ್‌ಡೇಟ್ ಆದ ಮೇಲೆ ಡಿಜಿಟಲ್ ಸಹಿ ಹಾಕಲು ಯುಎಸ್‌ಬಿಗೆ ಚುಚ್ಚುವ ಟೋಕನ್ನೂ ಬೆರಳಚ್ಚು ಓದುವ ತಂಬ್ ಯಂತ್ರವೂ ಕೆಲಸ ನಿಲ್ಲಿಸಿದವೆಂದು ಕೇಳಿರುವುದರಿಂದ, ಈಗ ನಡೆಯುತ್ತಿರುವ ಕೆಲಸವೂ ಕೆಟ್ಟೀತೆಂಬ ಅಂಜಿಕೆ ತಮಗಿದೆ. ಶಿವಮೊಗ್ಗದಲ್ಲಿದ್ದುಕೊಂಡು ತೀರ್ಥಹಳ್ಳಿ, ಸಾಗರದ ಕಡೆಯ ಸಹಕಾರ ಸಂಘಗಳ ಮತ್ತು ಇಂತಹ ಕೇಂದ್ರಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ: ವಿಂಡೋಸ್ 10 ಇರುವ ಕಂಪ್ಯೂಟರ್‌ನಲ್ಲಿ ಈ ವಾರವೇ ಹೊಸ ಆವೃತ್ತಿ ಹಾಕಿಕೊಳ್ಳಿ. ವಿಂಡೋಸ್ 7 ಇರುವುದರಲ್ಲಿ ಹಾಕಿಕೊಳ್ಳೋಣವೆಂದರೂ ಹೊಸ ಕ್ರೋಮ್ ಸಿಗುವುದಿಲ್ಲ. ಅಲ್ಲಿ ತೀರ್ಮಾನಿಸಬೇಕಾದ ವಿಷಯವೇ ಬೇರೆ.

ಕ್ರೋಮ್ 109 ಬಂದದ್ದು 2023ರ ಜನವರಿಯಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಬಂದ 110ರಿಂದ ಕ್ರೋಮ್‌ಗೆ ಕನಿಷ್ಠ ವಿಂಡೋಸ್ 10 ಬೇಕು. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2020ರ ಜನವರಿ 14ಕ್ಕೆ ಮುಗಿದಿತ್ತು. ಸಂಸ್ಥೆಗಳು ಹಣ ತೆತ್ತು ಪಡೆಯುತ್ತಿದ್ದ ಹೆಚ್ಚುವರಿ ಬೆಂಬಲವೂ 2023ರ ಜನವರಿಯಲ್ಲಿ ಮುಗಿಯಿತು. ಹಾಗಾಗಿ ತಮ್ಮ ಮೊದಲ ಕಂಪ್ಯೂಟರ್‌ನಲ್ಲಿ ಬ್ರೌಸರ್ ಮತ್ತು ಅದರ ಕೆಳಗಿನ ವಿಂಡೋಸ್ ಎರಡಕ್ಕೂ ಇನ್ನು ದುರಸ್ತಿ ಬರುವುದಿಲ್ಲ. 109ಕ್ಕೂ ಈಗಿನ ಆವೃತ್ತಿಗೂ ನಡುವಿನ ಅಂಕಿಗಳ ಅಂತರ ನೋಡಿ ಗಾಬರಿಯಾಗಬೇಕಾಗಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಬಂದ 94ರಿಂದೀಚೆಗೆ ಕ್ರೋಮ್ ನಾಲ್ಕು ವಾರಕ್ಕೊಂದು ಹೊಸ ಸಂಖ್ಯೆ ಕೊಡುವ ಕ್ರಮಕ್ಕೆ ಬಂದಿತು. ಹೆಚ್ಚಿನ ಆವೃತ್ತಿಗಳಲ್ಲಿ ನಮ್ಮ ಕಣ್ಣಿಗೆ ಕಾಣುವಂತಹ ಬದಲಾವಣೆ ಇರುವುದೇ ಇಲ್ಲ.

ಕಾಣದ ಬದಲಾವಣೆಗಾಗಿ ಇಷ್ಟು ತಲೆಬಿಸಿ ಏಕೆಂದು ತಾವು ಕೇಳಬಹುದು. 2023ರ ಸೆಪ್ಟೆಂಬರ್‌ನ ಒಂದು ಉದಾಹರಣೆ ಸಾಕು. ವೆಬ್‌ಪಿ ಎಂಬ ಬಗೆಯ ಚಿತ್ರಗಳನ್ನು ಬಿಡಿಸಿ ತೋರಿಸುವ ತಂತ್ರಾಂಶದ ತುಣುಕೊಂದರಲ್ಲಿ ದೋಷವಿರುವುದು ಆಗ ಬಯಲಾಯಿತು. ಅದೇ ತುಣುಕನ್ನು ಕ್ರೋಮ್, ಫೈರ್‌ಫಾಕ್ಸ್ ಎರಡೂ ಬಳಸುತ್ತಿದ್ದವು. ಏನನ್ನೂ ಡೌನ್‌ಲೋಡ್ ಮಾಡದಿದ್ದರೂ, ಯಾವ ಗುಂಡಿಯನ್ನೂ ಒತ್ತದಿದ್ದರೂ, ಕೇಡಿಗರು ಸಿದ್ಧಪಡಿಸಿದ ಚಿತ್ರವೊಂದು ಪುಟದಲ್ಲಿ ತೆರೆದುಕೊಂಡರೆ ಸಾಕಿತ್ತು. ದುರಸ್ತಿ ಹೊರಬರುವ ಮೊದಲೇ ಅದರ ದುರುಪಯೋಗ ನಡೆಯುತ್ತಿತ್ತು. ಕ್ರೋಮ್ ತನ್ನ 116ನೆಯ ಆವೃತ್ತಿಯಲ್ಲಿ, ಫೈರ್‌ಫಾಕ್ಸ್ ತನ್ನ 117.0.1ರಲ್ಲಿ ಅದನ್ನು ಸರಿಪಡಿಸಿದವು. ದುರಸ್ತಿ ಪ್ರಕಟವಾಯಿತೆಂದರೆ ದೋಷ ಎಲ್ಲಿತ್ತೆಂಬುದೂ ಪ್ರಕಟವಾದಂತೆಯೇ; ಅಲ್ಲಿಂದ ಮುಂದೆ ಅಪಾಯ ಹೆಚ್ಚುವುದು ಹಿಂದುಳಿದವರಿಗೆ. ಸ್ವಂತ ಮನೆಯ ಕಂಪ್ಯೂಟರ್ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲವೇನೋ. ತಮ್ಮ ಕೇಂದ್ರದಲ್ಲಿ ಊರಿನವರ ಆಧಾರ್ ಪ್ರತಿ, ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲವೂ ಆ ಒಂದೇ ಬ್ರೌಸರ್‌ನ ಮೂಲಕ ಹಾದುಹೋಗುತ್ತವೆ.

ಇನ್ನು ಟೋಕನ್ ಮತ್ತು ತಂಬ್ ಯಂತ್ರದ ಮಾತು. ಪಕ್ಕದ ಊರಿನವರು ಹೇಳಿದ್ದು ಸುಳ್ಳಿರಲಾರದು, ಆದರೆ ಯಂತ್ರ ಕೆಟ್ಟಿತೆಂಬ ಅವರ ತೀರ್ಮಾನ ಸರಿಯಿರುವ ಸಂಭವ ಕಡಿಮೆ. ಪೋರ್ಟಲ್‌ನ, ಅಂದರೆ ತಾವು ಅರ್ಜಿ ಹಾಕುವ ಜಾಲತಾಣದ, ಪುಟವು ಯುಎಸ್‌ಬಿಗೆ ಚುಚ್ಚಿದ ಇಂತಹ ಯಂತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಹಿಂದೆ ಬ್ರೌಸರ್‌ಗೆ ಸೇರಿಸುತ್ತಿದ್ದ ಜಾವಾದಂತಹ ಪ್ಲಗಿನ್‌ಗಳ ಮೂಲಕ ಆ ಕೆಲಸ ನಡೆಯುತ್ತಿತ್ತು. ಅಂತಹ ಪ್ಲಗಿನ್‌ಗಳನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಕೈಬಿಟ್ಟವು. ಅಲ್ಲಿಂದೀಚೆಗೆ ಯಂತ್ರದ ಜೊತೆ ಬರುವ ಸಣ್ಣ ತಂತ್ರಾಂಶವೊಂದು ಕಂಪ್ಯೂಟರ್‌ನ ಒಳಗೇ ಕುಳಿತಿರುತ್ತದೆ, ಮತ್ತು ಪೋರ್ಟಲ್‌ನ ಪುಟವು 127.0.0.1 ಎಂಬ ವಿಳಾಸದಲ್ಲಿ, ಅಂದರೆ ಅದೇ ಕಂಪ್ಯೂಟರ್‌ನೊಳಗೆ, ಅದರೊಡನೆ ಮಾತನಾಡುತ್ತದೆ. ಆಧಾರ್‌ನ ತಂಬ್ ಯಂತ್ರಗಳಿಗೆ ಹಾಕಿಕೊಳ್ಳುವ ಆರ್‌ಡಿ ಸರ್ವೀಸ್ ಕೂಡ ಇದೇ ಬಗೆಯದು. ಪುಟವು 11100ರಿಂದ 11120ರವರೆಗಿನ ಪೋರ್ಟ್‌ಗಳನ್ನು, ಅಂದರೆ ಆ ವಿಳಾಸದ ಸಂಖ್ಯೆ ಹಾಕಿದ ಬಾಗಿಲುಗಳನ್ನು, ತಟ್ಟಿ ನೋಡಿ ಅದು ಎಲ್ಲಿದೆಯೆಂದು ಹುಡುಕಿಕೊಳ್ಳುತ್ತದೆ.

2025ರ ಅಕ್ಟೋಬರ್‌ನಲ್ಲಿ ಬಂದ ಕ್ರೋಮ್ 142ರಲ್ಲಿ ಈ ದಾರಿಗೆ ಒಂದು ಕಾವಲು ಬಂದಿದೆ. ಹೊರಗಿನ ಜಾಲತಾಣವು ತಮ್ಮ ಕಂಪ್ಯೂಟರ್‌ನ ಒಳಗಿನ ತಂತ್ರಾಂಶವನ್ನು ಅಥವಾ ಅದೇ ನೆಟ್‌ವರ್ಕ್‌ನ ಬೇರೆ ಸಾಧನವನ್ನು ಸಂಪರ್ಕಿಸಲು ಹೊರಟಾಗ, ವಿಳಾಸಪಟ್ಟಿಯ ಕೆಳಗೆ ಒಂದು ಪೆಟ್ಟಿಗೆ ತೆರೆದುಕೊಂಡು, ಸ್ಥಳೀಯ ನೆಟ್‌ವರ್ಕ್‌ನ ಸಾಧನಗಳನ್ನು ಹುಡುಕಲು ಈ ತಾಣಕ್ಕೆ ಅನುಮತಿ ಕೊಡಬಹುದೇ ಎಂದು ಕೇಳುತ್ತದೆ. ಕೇಂದ್ರದ ಮುಂದೆ ಜನ ಸಾಲುಗಟ್ಟಿ ನಿಂತಿರುವಾಗ ಆ ಇಂಗ್ಲಿಷ್ ವಾಕ್ಯವನ್ನು ಯಾರು ಓದುತ್ತಾರೆ? ಕೈ ಬ್ಲಾಕ್ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ಯಂತ್ರ ಸಿಕ್ಕಿಲ್ಲವೆಂದು ಪೋರ್ಟಲ್ ಹೇಳತೊಡಗುತ್ತದೆ, ಡ್ರೈವರ್ ತೆಗೆದು ಮತ್ತೆ ಹಾಕುವುದು, ಕೇಬಲ್ ಬದಲಿಸುವುದು, ಮಾರಿದವರಿಗೆ ಫೋನ್ ಮಾಡುವುದು ಎಲ್ಲವೂ ನಡೆಯುತ್ತದೆ. ಯಂತ್ರ ಮಾತ್ರ ಮೊದಲಿನಿಂದಲೂ ಸರಿಯಾಗಿಯೇ ಇರುತ್ತದೆ. ಪರಿಹಾರ ಸುಲಭ. ಪೋರ್ಟಲ್ ತೆರೆದಿಟ್ಟುಕೊಂಡು, ವಿಳಾಸದ ಎಡಕ್ಕಿರುವ ಚಿಹ್ನೆಯನ್ನು ಒತ್ತಿ, ಆ ತಾಣದ ಸೆಟ್ಟಿಂಗ್‌ಗೆ ಹೋಗಿ, ಸ್ಥಳೀಯ ನೆಟ್‌ವರ್ಕ್ ಎಂಬಲ್ಲಿ ಅನುಮತಿ ಕೊಟ್ಟು, ಪುಟವನ್ನು ಮತ್ತೆ ತೆರೆದರೆ ಸಾಕು. ಪ್ರತಿ ಪೋರ್ಟಲ್‌ಗೂ ಬೇರೆಬೇರೆಯಾಗಿ ಈ ಅನುಮತಿ ಬೇಕು. ತಮಗೆ ಗೊತ್ತಿಲ್ಲದ ತಾಣವೊಂದು ಇದೇ ಅನುಮತಿ ಕೇಳಿದರೆ ಮಾತ್ರ ಖಂಡಿತವಾಗಿ ಬ್ಲಾಕ್ ಒತ್ತಬೇಕು. ಕಾವಲು ಇಟ್ಟಿರುವುದೇ ಅದಕ್ಕಾಗಿ. ಮೈಕ್ರೋಸಾಫ್ಟ್‌ನ ಬ್ರೌಸರ್ ಎಡ್ಜ್ ಕೂಡ ಕ್ರೋಮ್‌ನ ತಳಹದಿಯ ಮೇಲೆಯೇ ನಿಂತಿರುವುದರಿಂದ, ಅದಕ್ಕೆ ಹೋದರೆ ಈ ಪ್ರಶ್ನೆ ತಪ್ಪುತ್ತದೆಂದು ಎಣಿಸಬೇಡಿ.

ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ತೆರೆಯದ ಹಳೆಯ ಪುಟವೊಂದು ಇನ್ನೂ ತಮ್ಮ ಕೆಲಸದಲ್ಲಿದ್ದರೆ, ಅದಕ್ಕಾಗಿಯೂ ಹಿಂದೆ ಉಳಿಯಬೇಕಾಗಿಲ್ಲ. ವಿಂಡೋಸ್ 10ರಲ್ಲಿ ಆ ಬ್ರೌಸರ್ 2022ರ ಜೂನ್ 15ಕ್ಕೆ ನಿವೃತ್ತವಾಯಿತು, ಆದರೆ ಎಡ್ಜ್‌ನಲ್ಲಿ ಅಂತಹ ಹಳೆಯ ಪುಟಗಳನ್ನು ತೆರೆಯುವ ಐಇ ಮೋಡ್ ಎಂಬ ವ್ಯವಸ್ಥೆ ಇದೆ, ಮತ್ತು ಅದನ್ನು ಕನಿಷ್ಠ 2029ರವರೆಗೆ ಉಳಿಸಿಕೊಳ್ಳುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಅದರಲ್ಲಿ ಒಂದು ಕಿರಿಕಿರಿ ಇದೆ: ನಾವು ಕೈಯಾರೆ ಸೇರಿಸಿದ ವಿಳಾಸವು ಆ ಪಟ್ಟಿಯಲ್ಲಿ ಉಳಿಯುವುದು 30 ದಿನ ಮಾತ್ರ. ಅವಧಿ ಮುಗಿದ ಮಾರನೆಯ ದಿನ ಪುಟ ತೆರೆಯದೆ ಹೋದರೆ, ಹೊಸ ಅಪ್‌ಡೇಟ್ ಹಾಳು ಮಾಡಿತೆಂದು ಬೈಯುವ ಮೊದಲು ವಿಳಾಸವನ್ನು ಮತ್ತೆ ಸೇರಿಸಿ ನೋಡಬೇಕು.

ಒಂದು ಯಂತ್ರ ಅಥವಾ ಒಂದು ಪೋರ್ಟಲ್‌ಗಾಗಿ ಇಡೀ ಬ್ರೌಸರನ್ನು ಹಳೆಯದಾಗಿಯೇ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅದು ದಣಪೆಯೊಂದು ಸರಿಯಾಗಿ ಮುಚ್ಚುವುದಿಲ್ಲವೆಂದು ತೋಟದ ಬೇಲಿಯನ್ನೇ ಕೀಳಿಸಿದ ಹಾಗೆ. ಕಂಪ್ಯೂಟರ್‌ನಲ್ಲಿ ಎರಡು ಬ್ರೌಸರ್ ಇಟ್ಟುಕೊಳ್ಳಿ. ಎಲ್ಲ ಕೆಲಸಕ್ಕೂ ಕ್ರೋಮ್‌ನ ಹೊಸ ಆವೃತ್ತಿ ಇರಲಿ, ಮೊಂಡು ಹಿಡಿಯುವ ಆ ಒಂದು ಕೆಲಸಕ್ಕೆ ಎಡ್ಜ್ ಅಥವಾ ಫೈರ್‌ಫಾಕ್ಸ್ ಮೀಸಲಾಗಿರಲಿ.

ವಿಂಡೋಸ್ 7ರ ಕಂಪ್ಯೂಟರ್‌ಗೆ ಸದ್ಯಕ್ಕೆ ಉಳಿದಿರುವ ದಾರಿ ಫೈರ್‌ಫಾಕ್ಸ್ 115, ಅದೂ ದೀರ್ಘ ಬೆಂಬಲದ ಇಎಸ್‌ಆರ್ ಎಂಬ ಆವೃತ್ತಿ. 2023ರ ಜುಲೈನಲ್ಲಿ ಬಂದ ಅದನ್ನು ಹಳೆಯ ವಿಂಡೋಸ್‌ಗಳಿಗಾಗಿ ಮೊಜಿಲ್ಲಾ ಸುರಕ್ಷತಾ ದುರಸ್ತಿಗಳೊಡನೆ ನಡೆಸಿಕೊಂಡು ಬಂದಿದೆ, ಬೆಂಬಲ ಮುಗಿಯುವ ದಿನವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿಯೂ ಇದೆ. ಮತ್ತೆ ಮುಂದೂಡುತ್ತದೆಂದು ನಂಬಿ ಕೂರುವ ಹಾಗಿಲ್ಲ. ಅದರಲ್ಲಿ ಹೊಸ ಸೌಲಭ್ಯಗಳು ಸೇರುವುದಿಲ್ಲ, ಹೀಗಾಗಿ ಈಚೆಗೆ ಕಟ್ಟಿದ ಕೆಲವು ತಾಣಗಳು ಅಲ್ಲಿ ಅಸ್ತವ್ಯಸ್ತವಾಗಿ ಕಾಣಿಸುತ್ತವೆ. ಸಹಿಯ ತಂತ್ರಾಂಶವೂ ಮೊದಲಿಗೆ ತಕರಾರು ಮಾಡಬಹುದು. ಆ ತಂತ್ರಾಂಶ ತನ್ನ ಗುರುತಿಗಾಗಿ ವಿಂಡೋಸ್‌ಗೆ ಸೇರಿಸುವ ಸುರಕ್ಷತಾ ಪ್ರಮಾಣಪತ್ರವನ್ನು ಕ್ರೋಮ್ ನಂಬುತ್ತದೆ, ಆದರೆ ಫೈರ್‌ಫಾಕ್ಸ್‌ಗೆ ತನ್ನದೇ ಪಟ್ಟಿಯೊಂದು ಇದೆ. ತಕರಾರು ಬಂದರೆ ಸೆಟ್ಟಿಂಗ್‌ನ ಪ್ರಮಾಣಪತ್ರಗಳ ಭಾಗಕ್ಕೆ ಹೋಗಿ ಅದನ್ನು ಕೈಯಾರೆ ಸೇರಿಸಬೇಕಾದೀತು. ಈಗಾಗಲೇ ಫೈರ್‌ಫಾಕ್ಸ್ 115 ಇದ್ದರೆ ಅದು 115.13 ಅಥವಾ ಅದರ ಮುಂದಿನದೇ ಎಂದು ನೋಡಿಕೊಳ್ಳಿ, ಏಕೆಂದರೆ ಅದಕ್ಕೂ ಹಳೆಯದರಲ್ಲಿದ್ದ ಮೂಲ ಪ್ರಮಾಣಪತ್ರವೊಂದರ ಅವಧಿ 2025ರ ಮಾರ್ಚ್ 14ಕ್ಕೆ ಮುಗಿದಿದ್ದು, ಬ್ರೌಸರ್‌ಗೆ ಸೇರಿಸಿಕೊಂಡ ಆಡ್‌ಆನ್‌ಗಳು ಅಲ್ಲಿ ಕೈಕೊಡುತ್ತವೆ.

ಇಷ್ಟೆಲ್ಲ ಮಾಡಿದರೂ ಕೆಳಗಿನ ವಿಂಡೋಸ್ ಹಳೆಯದೇ. ಅಷ್ಟು ಹಳೆಯ ಕಂಪ್ಯೂಟರ್ ವಿಂಡೋಸ್ 11 ಕೇಳುವ ಟಿಪಿಎಂ 2.0 (ಸುರಕ್ಷತೆಯ ಚಿಪ್) ಮತ್ತು ಪ್ರೊಸೆಸರ್‌ನ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ದುರಸ್ತಿ ಸಿಗುತ್ತದೆ. ಹಾಗಿರುವಾಗ ವಿಂಡೋಸ್ 7ರ ಕಂಪ್ಯೂಟರ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಅದನ್ನು ಸ್ಕ್ಯಾನಿಂಗ್, ಜೆರಾಕ್ಸ್, ಟೈಪಿಂಗ್‌ಗೆ ಇಟ್ಟುಕೊಂಡು, ಬ್ಯಾಂಕ್ ಮತ್ತು ಆಧಾರ್‌ನ ಕೆಲಸವನ್ನು ಎರಡನೆಯದಕ್ಕೆ ವರ್ಗಾಯಿಸುವುದೇ ನಾನು ಕೊಡುವ ಸಲಹೆ.

ಅಪ್‌ಡೇಟ್‌ಗೆ ಮೊದಲು ಬುಕ್‌ಮಾರ್ಕ್‌ಗಳನ್ನೂ ಪಾಸ್‌ವರ್ಡ್‌ಗಳನ್ನೂ ಬ್ರೌಸರ್‌ನ ಎಕ್ಸ್‌ಪೋರ್ಟ್ ಸೌಲಭ್ಯದಿಂದಲೇ ಹೊರತೆಗೆದುಕೊಳ್ಳಿ. ಕ್ರೋಮ್‌ನ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಂಡರೆ ಸಾಕೆಂದು ಹಲವರು ತಿಳಿದಿದ್ದಾರೆ. ಅದರಲ್ಲಿ ಪಾಸ್‌ವರ್ಡ್‌ಗಳಿರುವುದು ನಿಜ, ಆದರೆ ಅವು ಆ ವಿಂಡೋಸ್ ಖಾತೆಗೆ ಕಟ್ಟಿದ ಗೂಢರೂಪದಲ್ಲಿರುವುದರಿಂದ, ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಅಥವಾ ಬೇರೆ ಕಂಪ್ಯೂಟರ್‌ನಲ್ಲಿ ತೆರೆದುಕೊಳ್ಳುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿದ ಪಾಸ್‌ವರ್ಡ್ ಕಡತದಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಓದಲು ಬರುವಂತಿರುತ್ತದೆ. ಕೆಲಸ ಮುಗಿದೊಡನೆ ಅದನ್ನು ಅಳಿಸಿಬಿಡಿ, ಡೆಸ್ಕ್‌ಟಾಪ್ ಮೇಲೆ ಮರೆತುಹೋಗಬೇಡಿ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಮತ್ತು ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲವೆಂಬುದು ತಮಗೆ ನಾನು ಹೇಳಬೇಕಾದ ಮಾತಲ್ಲ. ಕ್ರೋಮ್ ಹೊಸ ಆವೃತ್ತಿಯನ್ನು ಬೇರೆ ಫೋಲ್ಡರ್‌ನಲ್ಲಿ ಸಿದ್ಧಪಡಿಸಿಕೊಂಡು, ಮುಚ್ಚಿ ತೆರೆದಾಗ ಅದಕ್ಕೆ ಬದಲಾಗುವುದರಿಂದ, ನಡುವೆ ಕರೆಂಟ್ ಹೋದರೂ ಸಾಮಾನ್ಯವಾಗಿ ಹಳೆಯದು ಉಳಿದಿರುತ್ತದೆ. ನೆಟ್ ತೀರಾ ನಿಧಾನವಾಗಿದ್ದರೆ ಶಿವಮೊಗ್ಗಕ್ಕೆ ಬಂದಾಗ ಗೂಗಲ್‌ನ ತಾಣದಿಂದ ಪೂರ್ಣ ಆಫ್‌ಲೈನ್ ಇನ್‌ಸ್ಟಾಲರನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೋಗಬಹುದು. ಅಡಿಕೆ, ಕಾಳುಮೆಣಸಿನ ಬೆಳೆವಿಮೆಗೆ ಕೊನೆಯ ದಿನ ಹತ್ತಿರವಿರುವಾಗ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಜನ ಇಲ್ಲದ ಒಂದು ಸಂಜೆ ಮಾಡಿ. ಯಾವುದೋ ಪುಟದ ನಡುವೆ ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಎಂಬ ಫಲಕ ಕಾಣಿಸಿಕೊಂಡರೆ ಅದನ್ನು ಒತ್ತಲೇಬೇಡಿ. ನಿಜವಾದ ಅಪ್‌ಡೇಟ್ ಇರುವುದು ಮೂರು ಚುಕ್ಕಿಯ ಪಟ್ಟಿಯಲ್ಲಿ, ಸಹಾಯದ ಕೆಳಗೆ, ಕ್ರೋಮ್ ಬಗ್ಗೆ ಎಂಬಲ್ಲಿ.

ಕ್ರೋಮ್ 109ರಿಂದ ಎರಡನೆಯ ಕಂಪ್ಯೂಟರ್‌ಗೆ ಬಂದಾಗ ಕನ್ನಡ ಅಕ್ಷರಗಳು ಬೇರೆಯಾಗಿ ಕಂಡರೆ ಅದು ಬ್ರೌಸರ್‌ನ ತಪ್ಪಲ್ಲ: ವಿಂಡೋಸ್ 7ರಲ್ಲಿದ್ದದ್ದು ತುಂಗಾ ಫಾಂಟ್, ವಿಂಡೋಸ್ 8ರಿಂದೀಚೆಗೆ ನಿರ್ಮಲಾ ಬಂದಿದೆ. ಜಾಹೀರಾತು ತಡೆಯುವ ಹಳೆಯ ಆಡ್‌ಆನ್ ಕೆಲವು ಹೊಸ ಕ್ರೋಮ್‌ನಲ್ಲಿ ನಡೆಯುವುದಿಲ್ಲ, ಅದನ್ನು ಮಾತ್ರ ನಿಜವಾದ ನಷ್ಟವೆಂದು ಒಪ್ಪುತ್ತೇನೆ.

ಸರಿಬರದಿದ್ದರೆ ಹಿಂದಿನ ಆವೃತ್ತಿಗೆ ಮರಳೋಣವೆಂಬ ಧೈರ್ಯದಲ್ಲಿ ಇರಬೇಡಿ. ಫೈರ್‌ಫಾಕ್ಸ್ 2019ರಲ್ಲಿ ಬಂದ 67ರಿಂದೀಚೆಗೆ, ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು (ಬುಕ್‌ಮಾರ್ಕ್, ಪಾಸ್‌ವರ್ಡ್, ಸೆಟ್ಟಿಂಗ್‌ಗಳಿರುವ ಕಡತಗಳನ್ನು) ಹಳೆಯದರಲ್ಲಿ ತೆರೆಯಲು ಬಿಡದೆ ಹೊಸ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಕ್ರೋಮ್‌ನಲ್ಲೂ ಹಿಂದಕ್ಕೆ ಹೋಗುವ ದಾರಿ ಸುಗಮವಾಗಿಲ್ಲ. ಅಪ್‌ಡೇಟ್ ಆದ ಸಂಜೆಯೇ ತಮ್ಮದೇ ಬೆರಳಿಟ್ಟು ತಂಬ್ ಯಂತ್ರವನ್ನೂ, ತಮ್ಮದೇ ಟೋಕನ್ ಚುಚ್ಚಿ ಸಹಿಯನ್ನೂ ಪರೀಕ್ಷಿಸಿಬಿಡಿ. ಸ್ಥಳೀಯ ನೆಟ್‌ವರ್ಕ್‌ನ ಅನುಮತಿ ಕೊಟ್ಟ ಮೇಲೂ ಯಂತ್ರ ಸಿಗುತ್ತಿಲ್ಲವೆಂದು ಬಂದರೆ, ಪರದೆಯ ಮೇಲೆ ಬಂದ ವಾಕ್ಯವನ್ನು ಇದ್ದಂತೆಯೇ, ಬ್ರೌಸರ್‌ನ ಪೂರ್ತಿ ಆವೃತ್ತಿ ಸಂಖ್ಯೆಯೊಡನೆ ಇಲ್ಲಿ ಬರೆಯಿರಿ. ಆರ್‌ಡಿ ಸರ್ವೀಸ್ ಚಾಲ್ತಿಯಲ್ಲಿಲ್ಲವೋ, ಪ್ರಮಾಣಪತ್ರದ ತಕರಾರೋ ಎಂಬುದು ಆ ವಾಕ್ಯದಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ.